ಬೆಟ್ಟ ಬರೀ ಸಾವಿರ ಮೀಟರ್ ಅಲ್ವಾ? ನಾಕ್ಸೋಸ್ ದ್ವೀಪದ ಹಳ್ಳಿ ದಾರಿಗಳ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ನನಗೆ 61, ಹೆಂಡತಿಗೆ 57. ಊರು ಶಿವಮೊಗ್ಗ. ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಜೂನ್ ಕೊನೆಯ ವಾರ ಅವಳಿಗೆ ರಜೆ. ಮೂವರೂ ಸೇರಿ ಗ್ರೀಸ್‌ನ ನಾಕ್ಸೋಸ್ ದ್ವೀಪದಲ್ಲಿ ಆರು ದಿನ ಇರೋಣ ಅಂದುಕೊಂಡಿದ್ದೇವೆ. ಬೀಚಿನಲ್ಲಿ ಮಲಗುವುದು ನಮಗೆ ಒಗ್ಗುವುದಿಲ್ಲ. ಗುಡ್ಡದ ಹಳ್ಳಿಗಳ ನಡುವೆ ನಡೆಯಬೇಕು, ಝಾಸ್ ಬೆಟ್ಟ ಹತ್ತಬೇಕು ಎಂಬುದೇ ಆಸೆ. ಕೊಡಚಾದ್ರಿ, ಕುದುರೆಮುಖ ಎರಡೂ ಹತ್ತಿದವರು ನಾವು. ಇದು ಬರೀ ಸಾವಿರ ಮೀಟರ್ ಅಲ್ವಾ? ಮಗಳ ಸ್ನೇಹಿತರು "ಒಂದು ಟೋಪಿ, ಒಂದು ಬಾಟಲಿ ನೀರು ಸಾಕು" ಅನ್ನುತ್ತಾರೆ. ನನ್ನ ತಮ್ಮ ಮಾತ್ರ "ಅಲ್ಲಿ ಬಿಸಿಲಲ್ಲಿ ನಡೆಯಲು ಹೋದವರು ಸತ್ತಿದ್ದಾರೆ, ಪೇಪರ್‌ನಲ್ಲಿ ಓದಿದ್ದೇನೆ" ಎಂದು ಹೆದರಿಸುತ್ತಿದ್ದಾನೆ. ಹೆಂಡತಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾಳೆ, ಇಳಿಯುವಾಗ ಅವಳಿಗೆ ಮಂಡಿ ನೋವು ಬರುತ್ತದೆ. ಕಾರು ಓಡಿಸುವ ಯೋಚನೆ ಇಲ್ಲ. ನಾವು ಶುದ್ಧ ಸಸ್ಯಾಹಾರಿಗಳು. ದಾರಿ ತಪ್ಪುವುದು, ಹಾವು, ನಾಯಿ, ಇವುಗಳ ಭಯವೂ ಇದೆ. ಹೋಗಬಹುದಾ? ಹೋದರೆ ಎಲ್ಲೆಲ್ಲಿ ನಡೆಯಬೇಕು?

ಉತ್ತರ:

ಹೋಗಬಹುದು. ನಿಮ್ಮ ವಯಸ್ಸು ಇದಕ್ಕೆ ಅಡ್ಡಿಯಲ್ಲ. ಆದರೆ ನೀವು ಅಳತೆ ಮಾಡುತ್ತಿರುವುದು ಎತ್ತರವನ್ನು. ಗ್ರೀಸ್‌ನ ದ್ವೀಪಗಳಲ್ಲಿ ಅಳೆಯಬೇಕಾದದ್ದು ನೆರಳನ್ನು. ನಾನು ಜನರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕೆಲಸದಲ್ಲಿದ್ದೇನೆ. ಅಲ್ಲಿ ಸುಸ್ತಾಗಿ ಕೂತುಬಿಡುವವರು ಹೆಚ್ಚಾಗಿ ನಡಿಗೆ ಗೊತ್ತಿಲ್ಲದವರಲ್ಲ. ನಿಮ್ಮ ಹಾಗೆ ನಡೆದು ಅಭ್ಯಾಸ ಇರುವವರೇ. "ಇದೇನು ಮಹಾ" ಎಂದುಕೊಂಡು ಬೆಳಿಗ್ಗೆ ಹತ್ತಕ್ಕೆ ಹೊರಟುಬಿಡುತ್ತಾರೆ.

ಮೊದಲು ನಿಮ್ಮ ತಮ್ಮನ ಮಾತು. ಅವರು ಓದಿದ್ದು ನಿಜ. 2024ರ ಜೂನ್‌ನಲ್ಲಿ ಗ್ರೀಸ್‌ಗೆ ಬಿಸಿಗಾಳಿ ಎಂದಿಗಿಂತ ಬೇಗ ಬಂತು. ಅಥೆನ್ಸ್‌ನಲ್ಲಿ ಗುಡ್ಡದ ಮೇಲಿನ ಪುರಾತನ ಗುಡಿಗಳ ತಾಣವಾದ ಅಕ್ರೋಪೊಲಿಸ್ ಅನ್ನೇ ಮಧ್ಯಾಹ್ನದ ಹೊತ್ತು ಮುಚ್ಚಿದರು. ಅದೇ ತಿಂಗಳಲ್ಲಿ ಸೀಮಿ, ಸಾಮೋಸ್, ಅಮೋರ್ಗೋಸ್, ಸಿಕಿನೋಸ್ ಹೀಗೆ ಬೇರೆ ಬೇರೆ ದ್ವೀಪಗಳಲ್ಲಿ ನಡೆಯಲು ಹೋದ ಪ್ರವಾಸಿಗರು ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಹಲವರು ವಯಸ್ಸಾದವರು, ಹಲವರು ಒಬ್ಬರೇ ಹೋಗಿದ್ದವರು. ಯಾರೂ ದೊಡ್ಡ ಪರ್ವತ ಹತ್ತಲು ಹೋದವರಲ್ಲ. ಊರಿಂದ ಊರಿಗೆ, ಬೀಚಿನಿಂದ ಹಳ್ಳಿಗೆ, ಕೆಲವೇ ಗಂಟೆಯ ದಾರಿಗಳು ಅವು. ತಮ್ಮನ ಭಯಕ್ಕೆ ಆಧಾರ ಇದೆ. ಅದರಿಂದ "ಹೋಗಲೇಬಾರದು" ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಅದೇ ದ್ವೀಪಗಳಲ್ಲಿ ಅದೇ ತಿಂಗಳು ಬೆಳಗಿನ ಹೊತ್ತು ಸಾವಿರಾರು ಜನ ಆರಾಮವಾಗಿ ನಡೆದು ಬಂದಿದ್ದಾರೆ.

ಈಗ ಸಾವಿರ ಮೀಟರ್ ಲೆಕ್ಕಕ್ಕೆ ಬರೋಣ. ಝಾಸ್ ಶಿಖರ ಸುಮಾರು 1,000 ಮೀಟರ್ ಎತ್ತರ. ಸೈಕ್ಲೇಡ್ಸ್ ಎಂದು ಕರೆಯುವ ಆ ದ್ವೀಪಗಳ ಗುಂಪಿನಲ್ಲೇ ಅದು ಎತ್ತರದ್ದು. ಕೊಡಚಾದ್ರಿ 1,343 ಮೀಟರ್, ಕುದುರೆಮುಖ 1,894. ಅಂಕಿ ನೋಡಿದರೆ ಝಾಸ್ ಸಣ್ಣದೇ. ಅದರಲ್ಲೂ ಸಮುದ್ರ ಮಟ್ಟದಿಂದ ಯಾರೂ ಹತ್ತುವುದಿಲ್ಲ. ರಸ್ತೆ ಬಿಟ್ಟ ಮೇಲೆ ಕಾಲಿನಲ್ಲಿ ಏರುವುದು ನಾನೂರು ಮೀಟರ್ ಆಸುಪಾಸು. ಕಾಲಿಗೆ ಅದು ದೊಡ್ಡ ಕೆಲಸವಲ್ಲ, ಒಪ್ಪುತ್ತೇನೆ.

ಆದರೆ ಕುದುರೆಮುಖದಲ್ಲಿ ಏನಾಗುತ್ತದೆ ಯೋಚನೆ ಮಾಡಿ. ಮೊದಲು ಕಾಡು. ಆಮೇಲೆ ಹಳ್ಳ, ಮತ್ತೊಂದು ಹಳ್ಳ. ಮುಖ ತೊಳೆದು, ಬಾಟಲಿ ತುಂಬಿಸಿಕೊಂಡು ಮುಂದೆ ಹೋಗುತ್ತೀರಿ. ಬಯಲು ಸಿಗುವುದು ಮೇಲೆ ಹೋದ ಮೇಲೆ, ಅಲ್ಲಿ ಮೋಡವೋ ಮಂಜೋ ಇರುತ್ತದೆ. ನಾಕ್ಸೋಸ್‌ನಲ್ಲಿ ಹಾಗಿಲ್ಲ. ಅಲ್ಲಿನ ಬೆಟ್ಟಗಳಲ್ಲಿ ಅಮೃತಶಿಲೆ ಮತ್ತು ಸುಣ್ಣಕಲ್ಲು ಹೇರಳ. ಬಿದ್ದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮೇಲೆ ಮಣ್ಣು ತೆಳು. ಮಳೆ ಬರುವುದು ಚಳಿಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹನಿ ಬಿದ್ದರೆ ಅದೇ ಸುದ್ದಿ. ಇದರ ಮೇಲೆ ಸಾವಿರಾರು ವರ್ಷಗಳ ಆಡು ಕುರಿ ಮೇವು. ಎತ್ತರದಲ್ಲಿ ಉಳಿದಿರುವುದು ಮಂಡಿ ಎತ್ತರದ ಮುಳ್ಳುಪೊದೆ. ಅದರ ನೆರಳು ನಿಮ್ಮ ಶೂಗೆ ಸಿಕ್ಕೀತು, ತಲೆಗೆ ಸಿಗುವುದಿಲ್ಲ. ಬಿಳಿ ಕಲ್ಲು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ಊರಿನಿಂದ ಹೊರಡುವವರು ಯೋಚಿಸಿರುವುದೇ ಇಲ್ಲ. ಜೂನ್ ಕೊನೆಯೆಂದರೆ ಶಿವಮೊಗ್ಗದಲ್ಲಿ ಮಳೆಗಾಲ. ಮೂರು ವಾರದಿಂದ ಕೊಡೆ ಹಿಡಿದು ಓಡಾಡಿದ ಮೈ ಅದು. ಅಲ್ಲಿಂದ ವಿಮಾನ ಹತ್ತಿ ಎರಡೇ ದಿನದಲ್ಲಿ ಒಣ ಬಿಸಿಲಿಗೆ ಇಳಿಯುತ್ತೀರಿ. "ನಾವು ಇಂಡಿಯಾದವರು, ಬಿಸಿಲು ನಮಗೆ ಹೊಸದಾ?" ಎಂದು ನನ್ನನ್ನು ಎಷ್ಟೋ ಜನ ಕೇಳುತ್ತಾರೆ. ಬಿಸಿಲಿಗೆ ಹೊಂದಿಕೊಳ್ಳುವುದು ಜಾತಕದಲ್ಲಿ ಬರುವುದಲ್ಲ. ಹಿಂದಿನ ಒಂದೆರಡು ವಾರ ಮೈ ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ. ನಿಮಗಿಂತ ನೆದರ್‌ಲ್ಯಾಂಡ್ಸ್‌ನಿಂದ ಬರುವ ಮಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಯೋಚನೆ. ಚಿಕ್ಕವಳು ಎಂದು ಅವಳನ್ನು ಲೆಕ್ಕದಿಂದ ಬಿಡಬೇಡಿ.

ಒಣಗಾಳಿ ಮಾಡುವ ಮೋಸವೂ ಒಂದಿದೆ. ಮಲೆನಾಡಿನಲ್ಲಿ ಹತ್ತಿದರೆ ಅಂಗಿ ತೊಯ್ದು ಮೈಗೆ ಅಂಟುತ್ತದೆ. ಎಷ್ಟು ಬೆವರಿದ್ದೇವೆ ಎಂದು ಕಣ್ಣಿಗೇ ಕಾಣುತ್ತದೆ, ನೀರು ಕುಡಿಯುತ್ತೇವೆ. ಈಜಿಯನ್ ಸಮುದ್ರದ ಮೇಲೆ ಬೇಸಿಗೆಯಲ್ಲಿ ಉತ್ತರದಿಂದ ಜೋರಾಗಿ ಬೀಸುವ ಗಾಳಿಯನ್ನು ಮೆಲ್ಟೆಮಿ ಅನ್ನುತ್ತಾರೆ. ಅದರ ಜೋರು ಜುಲೈ, ಆಗಸ್ಟ್‌ನಲ್ಲಿ ಹೆಚ್ಚು. ಆದರೆ ಜೂನ್ ಕೊನೆಗೂ ಸಿಗಬಹುದು. ಅದು ಬೆವರನ್ನು ಹುಟ್ಟಿದಲ್ಲೇ ಒರೆಸಿಬಿಡುತ್ತದೆ. ಮೈ ತಂಪಾಗಿದೆ, ಅಂಗಿ ಒಣಗಿದೆ, ಬಾಯಾರಿಕೆ ಅಷ್ಟಾಗಿ ಇಲ್ಲ ಅನ್ನಿಸುತ್ತದೆ. ಒಳಗೆ ನೀರು ಮಾತ್ರ ಹೋಗುತ್ತಲೇ ಇರುತ್ತದೆ. ತೋಳು ಒರೆಸಿದಾಗ ಬೆರಳಿಗೆ ಉಪ್ಪಿನ ಪುಡಿ ಹತ್ತಿದರೆ ಅದೇ ಲೆಕ್ಕ. ಬೆವರು ಕಾಣಲಿಲ್ಲ ಎಂದರೆ ಬೆವರಲಿಲ್ಲ ಎಂದಲ್ಲ.

ಹಾಗಾಗಿ ಬಾಯಾರಿಕೆ ಕಾಯಬೇಡಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಗುಟುಕು ಗುಟುಕಾಗಿ. ಮೂರು ಗಂಟೆಯ ನಡಿಗೆಗೆ ಒಬ್ಬೊಬ್ಬರಿಗೂ ಎರಡು ಲೀಟರ್‌ಗಿಂತ ಕಡಿಮೆ ಬೇಡ. "ಒಂದು ಬಾಟಲಿ ಸಾಕು" ಎಂಬ ಮಾತು ಅಲ್ಲಿನ ಹಾಲ್ಕಿಯಂಥ ಹಳ್ಳಿಯ ಒಳಗೆ ಸುತ್ತುವವರಿಗೆ ಸರಿ. ಊರಿನಿಂದ ಓಆರ್‌ಎಸ್ ಪೊಟ್ಟಣ ತಗೊಂಡು ಹೋಗಿ. ಬರೀ ನೀರನ್ನೇ ಸುಮ್ನೆ ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ, ಅದೂ ಅಪಾಯವೇ.

ಹೆಂಡತಿಯವರ ಬಿಪಿ ಮಾತ್ರೆ ಯಾವುದು ಎಂದು ನೀವು ಬರೆದಿಲ್ಲ. ನಾನು ವೈದ್ಯನೂ ಅಲ್ಲ. ಆದರೆ ಕೆಲವು ಬಿಪಿ ಮಾತ್ರೆಗಳು ಮೂತ್ರದ ಮೂಲಕ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುತ್ತವೆ. ಇನ್ನು ಕೆಲವು ಏರುವಾಗ ಎದೆಬಡಿತ ಹೆಚ್ಚಾಗದಂತೆ ತಡೆಯುತ್ತವೆ. ಬಿಸಿಲಲ್ಲಿ ನಡೆಯುವವರಿಗೆ ಎರಡೂ ಮುಖ್ಯ. ಹೊರಡುವ ಮೊದಲು ಅವರ ಡಾಕ್ಟರ ಹತ್ತಿರ ಹೋಗಿ, "ಬೇಸಿಗೆಯಲ್ಲಿ ದಿನಕ್ಕೆ ಮೂರು ಗಂಟೆ ಗುಡ್ಡದಲ್ಲಿ ನಡೆಯುತ್ತೇವೆ, ಮಾತ್ರೆ ಹೀಗೇ ಇರಲಾ?" ಎಂದು ಇಷ್ಟೇ ಕೇಳಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ಬಿಡಬೇಡಿ. ದಾರಿಯಲ್ಲಿ ತಲೆನೋವು, ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆನ್ನುವುದು ಕಂಡರೆ ನಡಿಗೆ ಅಲ್ಲಿಗೇ ನಿಲ್ಲಬೇಕು. ಮಾತು ತೊದಲಿದರೆ, ಎಲ್ಲಿದ್ದೇವೆ ಎಂಬುದು ಗೊತ್ತಾಗದಿದ್ದರೆ ಅದು ತುರ್ತು. ಸಿಕ್ಕಿದ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ 112ಕ್ಕೆ ಫೋನ್ ಮಾಡಿ. ಯುರೋಪಿನಲ್ಲೆಲ್ಲ ಇದೇ ತುರ್ತು ಸಂಖ್ಯೆ.

ಇನ್ನು ಹೊತ್ತಿನ ವಿಷಯ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಸುಮಾರಿಗೆ. ನಾಕ್ಸೋಸ್‌ನಲ್ಲಿ ಬೇಸಿಗೆಯ ಗಡಿಯಾರ ಮುಂದಕ್ಕೆ ಇರುವುದರಿಂದ ಅದು ಆಗುವುದು ಮಧ್ಯಾಹ್ನ ಸುಮಾರು 1:20ಕ್ಕೆ. ಬಿಸಿಲಿನ ಕಾವು ತಾರಕಕ್ಕೆ ಹೋಗುವುದು ಮೂರರಿಂದ ಐದರ ನಡುವೆ. ನಮ್ಮ ಅಭ್ಯಾಸದಲ್ಲಿ "ನಾಲ್ಕೂವರೆ ಆಯ್ತು, ಬಿಸಿಲು ಇಳೀತು" ಎಂದು ಹೊರಟರೆ ನಡು ಉರಿಗೇ ಕಾಲಿಟ್ಟ ಹಾಗೆ. ಸಂಜೆ ನಡೆಯುವುದಾದರೆ ಆರೂವರೆ ಆಗಲಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂ ಮುಕ್ಕಾಲರ ಹತ್ತಿರ. ಬೆಳಿಗ್ಗೆ ಬೆಳಕು ಹರಿಯುವುದು ಆರಕ್ಕೆ. ಆರರಿಂದ ಹತ್ತರವರೆಗೆ ನಿಮ್ಮ ಹೊತ್ತು. ಹತ್ತೂವರೆಗೆ ಯಾವುದಾದರೂ ಹಳ್ಳಿಯ ಮರದ ಕೆಳಗೆ ಕುರ್ಚಿಯಲ್ಲಿ ಕೂತಿರಬೇಕು.

ಇಲ್ಲಿಯೇ ಕಾರಿಲ್ಲದವರಿಗೆ ತೊಡಕು. ಬಂದರಿನ ಊರಾದ ಹೋರಾದಿಂದ ಒಳನಾಡಿನ ಹಾಲ್ಕಿ, ಫಿಲೋಟಿ, ಅಪೀರಾಂಥೋಸ್ ಹಳ್ಳಿಗಳಿಗೆ ಬಸ್ ಇದೆ, ನಿಲ್ದಾಣ ಬಂದರಿನ ಬಳಿಯೇ. ಆದರೆ ಬಸ್ಸಿಗೆ ಕಾದು, ಹತ್ತಿ, ಇಳಿಯುವ ಹೊತ್ತಿಗೆ ತಂಪಿನ ಹೊತ್ತು ಅರ್ಧ ಕಳೆದಿರುತ್ತದೆ. ಭಾನುವಾರ ಬಸ್ಸುಗಳೂ ಕಡಿಮೆ. ಆದ್ದರಿಂದ ನನ್ನ ಸಲಹೆ, ಆರು ರಾತ್ರಿಯೂ ಹೋರಾದಲ್ಲೇ ಇರಬೇಡಿ. ಮೂರು ರಾತ್ರಿ ಮೇಲಿನ ಹಳ್ಳಿಯಲ್ಲಿ ಇರಿ. ಫಿಲೋಟಿ ಆದರೆ ಒಳ್ಳೆಯದು. ಗುಡ್ಡದ ಹಳ್ಳಿಗಳಲ್ಲೇ ದೊಡ್ಡದು, ಅಂಗಡಿ ಇದೆ, ಊಟ ಸಿಗುತ್ತದೆ, ಚೌಕದಲ್ಲಿ ಪ್ಲೇನ್ ಎಂಬ ಅಗಲ ಎಲೆಯ ದೊಡ್ಡ ನೆರಳಿನ ಮರ ಇದೆ. ಬಾಗಿಲು ತೆರೆದರೆ ನಡಿಗೆ ಶುರು. ಕೊಠಡಿಗಳು ಅಲ್ಲಿ ಕಡಿಮೆ, ಸಮುದ್ರ ದೂರ, ರಾತ್ರಿ ಗದ್ದಲ ಇರುವುದಿಲ್ಲ. ನಿಮ್ಮ ಪತ್ರ ನೋಡಿದರೆ ನಿಮಗೆ ಅದೇ ಬೇಕಿರುವುದು.

ಮೊದಲ ದಿನ ಎಲ್ಲೂ ಏರಬೇಡಿ. ಎರಡನೆಯ ದಿನ ಪೊಟಾಮಿಯಾ ಕಣಿವೆಗೆ ಹೋಗಿ. ಮೇಲಿನ, ನಡುವಿನ, ಕೆಳಗಿನ ಎಂದು ಮೂರು ಸಣ್ಣ ಊರುಗಳು ಒಂದೇ ತೊರೆಯ ಗುಂಟ ಇವೆ. ದ್ವೀಪದಲ್ಲಿ ಹಸಿರು, ನೆರಳು ಎರಡೂ ಒಟ್ಟಿಗೆ ಸಿಗುವ ಜಾಗ ಇದು. ಹಣ್ಣಿನ ತೋಟಗಳ ನಡುವೆ ಕಲ್ಲು ಹಾಸಿದ ಹಳೆಯ ದಾರಿ. ಮೇಲಿನ ಊರಿನಿಂದ ಕೆಳಕ್ಕೆ ನಿಧಾನವಾಗಿ ನಡೆದರೂ ಒಂದೂವರೆ ಗಂಟೆ. ಇಷ್ಟರಲ್ಲಿ ಮೂವರ ಮೈಯೂ ಹೇಗಿದೆ ಎಂದು ಗೊತ್ತಾಗುತ್ತದೆ. ಇನ್ನೂ ಉಮೇದು ಇದ್ದರೆ ಹತ್ತಿರದ ಫ್ಲೇರಿಯೋದಲ್ಲಿ ತೋಟವೊಂದರ ಪಕ್ಕ ಮಲಗಿರುವ ಅಮೃತಶಿಲೆಯ ಯುವಕನನ್ನು ನೋಡಬಹುದು. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಕೆತ್ತುತ್ತ ಕೆತ್ತುತ್ತ ಕಾಲು ಮುರಿದು, ಅಲ್ಲೇ ಬಿಟ್ಟುಹೋದ ವಿಗ್ರಹ.

ಮೂರನೆಯ ದಿನದ ನಡಿಗೆ ನನಗೆ ಇಡೀ ದ್ವೀಪದಲ್ಲಿ ತುಂಬಾ ಇಷ್ಟವಾದದ್ದು. ಝಾಸ್‌ಗೂ ಇದಕ್ಕೂ ಆಯ್ಕೆ ಬಂದರೆ ನಾನು ಇದನ್ನೇ ಆರಿಸುತ್ತೇನೆ. ದ್ವೀಪದ ನಡುವೆ ಟ್ರಾಗೇಯಾ ಎಂಬ ತಗ್ಗು ಬಯಲಿದೆ. ಉದ್ದಕ್ಕೂ ಹಳೆಯ ಆಲಿವ್ ತೋಪು. ಆಲಿವ್ ಮರದ ನೆರಳು ನಮ್ಮ ಹಲಸಿನ ಮರದ ಹಾಗೆ ದಟ್ಟವಲ್ಲ, ಆದರೆ ತಲೆ ಉಳಿಸುತ್ತದೆ. ಹಾಲ್ಕಿಯಿಂದ ಹೊರಟರೆ ಹತ್ತು ಹದಿನೈದು ನಿಮಿಷಕ್ಕೆ ತೋಪಿನ ನಡುವೆ 11ನೇ ಶತಮಾನದ ಸಂತ ಜಾರ್ಜ್‌ನ ಚರ್ಚು. ಮುಂದೆ ಸಣ್ಣ ಸಣ್ಣ ಊರು ದಾಟಿ ಮೋನಿ ಹಳ್ಳಿಯ ಕಡೆಗೆ ದಾರಿ ಏರುತ್ತದೆ. ಊರಿಗೆ ಸ್ವಲ್ಪ ಮುಂಚೆ ಪನಾಗಿಯಾ ಡ್ರೋಸಿಯಾನಿ ಚರ್ಚು ಸಿಗುತ್ತದೆ. ಹೊರಗಿನಿಂದ ನೋಡಿದರೆ ಕಲ್ಲಿನ ಗುಡ್ಡೆಗೆ ಗುಮ್ಮಟ ಇಟ್ಟಂತಿದೆ. ಬಾಗಿ ಒಳಗೆ ಹೋಗಬೇಕು. ಬಿಸಿಲಿನಿಂದ ಬಂದವರಿಗೆ ಮೊದಲು ಏನೂ ಕಾಣಿಸುವುದಿಲ್ಲ. ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಗೋಡೆಯ ಮಸಿಯ ನಡುವಿನಿಂದ ಕಣ್ಣುಗಳು ಮೂಡುತ್ತವೆ, ಆಮೇಲೆ ಮುಖಗಳು. ಗುಮ್ಮಟದಲ್ಲಿ ಕ್ರಿಸ್ತನನ್ನು ಎರಡು ಸಲ ಬರೆದಿದ್ದಾರೆ. ಇವು 7ನೇ ಶತಮಾನದ ಚಿತ್ರಗಳು, ಗ್ರೀಸ್‌ನಲ್ಲಿ ಉಳಿದಿರುವ ಅತಿ ಹಳೆಯವುಗಳಲ್ಲಿ ಸೇರಿದವು. ಹೋಗಿ ಬರಲು ಎರಡೂವರೆ ಮೂರು ಗಂಟೆ. ಚರ್ಚಿಗೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಕೆಲವು ಚರ್ಚುಗಳಿಗೆ ಬೀಗ ಇರುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಹಾಲ್ಕಿಗೆ ವಾಪಸ್ ಬಂದ ಮೇಲೆ 1896ರಿಂದ ನಡೆಯುತ್ತಿರುವ ಭಟ್ಟಿಯೊಂದಿದೆ. ಅಲ್ಲಿ ಮಾಡುವ ಕಿತ್ರೋನ್ ಮದ್ಯಕ್ಕೆ ಬಳಸುವುದು ಮಾದಲ ಗಿಡದ ಎಲೆ. ಹೌದು, ನಮ್ಮ ಉಪ್ಪಿನಕಾಯಿಯ ಅದೇ ಮಾದಲ. ಕುಡಿಯದಿದ್ದರೂ ಎಲೆ ಮೂಸಿ ನೋಡಬಹುದು. ಹಳೆಯ ತಾಮ್ರದ ಪಾತ್ರೆಗಳನ್ನು ನೋಡಲು ಬಿಡುತ್ತಾರೆ.

ಮಂಡಿಯ ವಿಷಯಕ್ಕೆ ಬರುತ್ತೇನೆ. ಈ ಹಳೆಯ ಕಲ್ಲು ಹಾಸಿನ ದಾರಿಗಳನ್ನು ಅಲ್ಲಿ ಕಲ್ದೆರಿಮಿ ಎನ್ನುತ್ತಾರೆ. ಕತ್ತೆ, ಹೇಸರಗತ್ತೆಗಳ ಓಡಾಟಕ್ಕೆ ಹಾಕಿದ್ದು. ಶತಮಾನಗಳ ಗೊರಸು, ಕಾಲು ಸವೆಸಿ ಅಮೃತಶಿಲೆ ಗಾಜಿನಂತೆ ನುಣುಪಾಗಿದೆ. ಏರುವಾಗ ತೊಂದರೆ ಇಲ್ಲ. ಇಳಿಯುವಾಗ ಮಂಡಿ ಬಿಗಿ ಹಿಡಿದು ಇಳಿಯುತ್ತೇವೆ, ಅದೇ ನೋವು. ಉಪಾಯ ಸುಲಭ, ಇಳಿಯುವ ಭಾಗಕ್ಕೆ ಬಸ್ ಹಿಡಿಯಿರಿ. ಮೋನಿಗೆ ಏರಿ, ಅಲ್ಲಿಂದ ಮೊದಲೇ ಹೇಳಿಟ್ಟ ಟ್ಯಾಕ್ಸಿಯಲ್ಲಿ ಇಳಿದರೆ ಯಾರೂ ನಿಮ್ಮ ಮಾರ್ಕು ಕಳೆಯುವುದಿಲ್ಲ. ಎರಡು ವಾಕಿಂಗ್ ಕೋಲು ಇರಲಿ, ತುದಿಗೆ ರಬ್ಬರ್ ಹಾಕಿ. ಶೂ ಹೊಸದು ಬೇಡ, ಸೋಲ್ ಸವೆದದ್ದೂ ಬೇಡ. ಚಪ್ಪಲಿ, ಚಡ್ಡಿ ಎರಡೂ ಬೇಡ. ಆ ಮುಳ್ಳುಪೊದೆ ದಾರಿಯ ಎರಡೂ ಬದಿಯಿಂದ ಕೈ ಚಾಚಿರುತ್ತದೆ, ಮೊಣಕಾಲ ಕೆಳಗೆ ಗೀರದೆ ಬಿಡುವುದಿಲ್ಲ.

ಝಾಸ್ ಹತ್ತಲೇಬೇಕು ಎಂದರೆ ಎರಡು ದಾರಿ ಇವೆ. ಅರಿಯಾ ಎಂಬ ಬುಗ್ಗೆಯ ಕಡೆಯಿಂದ ಒಂದು. ಬುಗ್ಗೆಯ ಹತ್ತಿರ ಪ್ಲೇನ್ ಮರಗಳು, ನೀರು, ಸ್ವಲ್ಪ ಮೇಲೆ ಪುರಾತನ ಗ್ರೀಕರ ದೇವರಾಜ ಜ್ಯೂಸ್‌ನ ಹೆಸರಿನ ಗುಹೆ. ಗುಹೆಯವರೆಗೆ ಚೆನ್ನಾಗಿದೆ. ಆಮೇಲೆ ಕಾಲಿಟ್ಟಲ್ಲೆಲ್ಲ ಜಾರುವ ಸಡಿಲ ಕಲ್ಲು, ಕಡಿದಾದ ಏರು, ಗುರುತೂ ಅಸ್ಪಷ್ಟ. ನಿಮ್ಮ ಹೆಂಡತಿ ಆ ದಾರಿಯಲ್ಲಿ ಹೋಗಬಾರದು, ಇಳಿಯುವುದಂತೂ ಬೇಡವೇ ಬೇಡ. ಇನ್ನೊಂದು ಅಗಿಯಾ ಮರೀನಾ ಎಂಬ ಪುಟ್ಟ ಗುಡಿಯ ಹತ್ತಿರದಿಂದ. ಅದು ಉದ್ದ, ಆದರೆ ಏರು ಹದ. ದಾರಿ ಕಾಣುತ್ತದೆ. ಒಂದೂವರೆ ಗಂಟೆಯಿಂದ ಎರಡು ಗಂಟೆಯಲ್ಲಿ ಮೇಲೆ ಇರುತ್ತೀರಿ. ಎರಡರಲ್ಲೂ ಮೇಲಿನ ಭಾಗದಲ್ಲಿ ನೆರಳಿಲ್ಲ. ಹಿಂದಿನ ಸಂಜೆಯೇ ಟ್ಯಾಕ್ಸಿಗೆ ಹೇಳಿ, ಬೆಳಿಗ್ಗೆ ಆರಕ್ಕೆ ಅಗಿಯಾ ಮರೀನಾದಲ್ಲಿ ಇರಿ. ಒಂಬತ್ತೂವರೆಗೆ ಇಳಿದಿರಬೇಕು. ಮುನ್ಸೂಚನೆ 32 ಡಿಗ್ರಿ ದಾಟಿದ್ದರೆ, ಅಥವಾ ಹಿಂದಿನ ರಾತ್ರಿ ಮರಗಳು ಒಂದೇ ಸಮನೆ ಬಾಗುವಷ್ಟು ಗಾಳಿ ಇದ್ದರೆ, ಆ ದಿನ ಝಾಸ್ ಬಿಡಿ. ಶಿಖರದ ಏಣಿನ ಮೇಲೆ ಗಾಳಿ ಮನುಷ್ಯರನ್ನು ತಳ್ಳುತ್ತದೆ. ಈ ಬೆಟ್ಟದ ಇಳಿಜಾರಿನಲ್ಲಿ ಕುರಿಮಂದೆ ಕಾಯುವ ಜ್ಯೂಸ್‌ನ ಹೆಸರಿನ ಪುರಾತನ ಬರಹ ಬಂಡೆಯ ಮೇಲೆ ಇದೆ. ಇಂದಿಗೂ ಅಲ್ಲಿ ಓಡಾಡುವುದು ಆಡು ಕುರಿಗಳೇ.

ದಾರಿ ತಪ್ಪುವುದಕ್ಕೂ ಅವೇ ಕಾರಣ. ಆಡುಗಳ ಜಾಡು ದಾರಿಯಷ್ಟೇ ಚೆಂದ ಕಾಣುತ್ತದೆ. ನೂರು ಹೆಜ್ಜೆ ಕರೆದುಕೊಂಡು ಹೋಗಿ ಪೊದೆಯಲ್ಲಿ ಬಿಟ್ಟುಬಿಡುತ್ತದೆ. ನಾಕ್ಸೋಸ್‌ನ ಮುಖ್ಯ ದಾರಿಗಳಿಗೆ ನಂಬರ್ ಫಲಕ ಇದೆ, ಅಲ್ಲಲ್ಲಿ ಕಲ್ಲಿನ ಮೇಲೆ ಬಣ್ಣದ ಗುರುತು, ಕಲ್ಲು ಪೇರಿಸಿದ ಗುಪ್ಪೆ. ಹತ್ತು ನಿಮಿಷ ನಡೆದರೂ ಗುರುತು ಸಿಗದಿದ್ದರೆ ಮುಂದೆ ಹುಡುಕಬೇಡಿ, ಕೊನೆಯ ಗುರುತಿಗೆ ವಾಪಸ್ ಬನ್ನಿ. "ಊರು ಅಲ್ಲೇ ಕಾಣ್ತಿದೆ, ನೇರ ಇಳಿಯೋಣ" ಎನ್ನುವುದೇ ದೊಡ್ಡ ತಪ್ಪು. ಕಾಣುವ ಊರಿಗೂ ನಿಮಗೂ ನಡುವೆ ಇಪ್ಪತ್ತು ಮೆಟ್ಟಿಲು ಹೊಲ ಇರುತ್ತದೆ, ಪ್ರತಿಯೊಂದಕ್ಕೂ ಗಾರೆ ಇಲ್ಲದೆ ಪೇರಿಸಿದ ಎದೆ ಎತ್ತರದ ಕಲ್ಲುಗೋಡೆ. ಈ ಗೋಡೆ ಕಟ್ಟುವ ಕಲೆಯನ್ನು ಯುನೆಸ್ಕೋ 2018ರಲ್ಲಿ ತನ್ನ ಪಟ್ಟಿಗೆ ಸೇರಿಸಿತು, ಆಗ ಗ್ರೀಸ್ ಜೊತೆ ಇನ್ನೂ ಏಳು ದೇಶಗಳ ಹೆಸರಿತ್ತು. ಹತ್ತಿ ಹಾರಿದರೆ ಕಲ್ಲು ಕಿತ್ತು ಬರುತ್ತದೆ. ಗೋಡೆಯೂ ಹೋಯಿತು, ಕಾಲೂ ಹೋಯಿತು. ಕೆಲವು ಕಡೆ ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳು ಓರೆಯಾಗಿ ಮೇಲೆ ಹೋಗಿರುತ್ತವೆ. ರೈತರು ಹತ್ತಲೆಂದೇ ಇಟ್ಟ ಮೆಟ್ಟಿಲು ಅವು, ಅವನ್ನು ಬಳಸಬಹುದು. ತಂತಿ ಕಟ್ಟಿದ ಗೇಟು ಅಡ್ಡ ಬಂದರೆ ಹೆದರಬೇಡಿ. ಬಿಚ್ಚಿ, ದಾಟಿ, ಹಾಗೇ ಕಟ್ಟಿಬಿಡಿ. ಆಡು ಹೊರಗೆ ಹೋಗದಿರಲಿ ಎಂದು ಕಟ್ಟಿದ್ದು, ನೀವು ಬರಬಾರದು ಎಂದಲ್ಲ. ಫೋನಿನಲ್ಲಿ ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ಬೆಳಿಗ್ಗೆ ಹೊರಡುವಾಗ ಉಳಿದುಕೊಂಡ ಮನೆಯವರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಹೇಳಿ. ಇದೊಂದು ಕೆಲಸ ಜನ ಮಾಡುವುದೇ ಇಲ್ಲ. ಕಾಣೆಯಾದವರನ್ನು ಹುಡುಕುವವರಿಗೆ ಮೊದಲು ಬೇಕಾಗುವುದು ಅದೇ ಮಾಹಿತಿ.

ಹಾವು ಇದೆ. ಮೂಗಿನ ಮೇಲೆ ಸಣ್ಣ ಕೊಂಬಿರುವ ವೈಪರ್ ವಿಷದ್ದು. ಆದರೆ ಮಲೆನಾಡಿನಲ್ಲಿ ತೋಟ ಓಡಾಡಿದವರಿಗೆ ಹೊಸದಾಗಿ ಹೇಳುವುದೇನಿಲ್ಲ. ಕಾಣದ ಕಡೆ ಕೈ ಹಾಕಬೇಡಿ, ಕಲ್ಲುಗೋಡೆಯ ಸಂದಿ ಮುಟ್ಟಬೇಡಿ, ನೋಡಿ ಕೂರಿ. ಇಂಬಳ ಇಲ್ಲ, ಅದು ಲಾಭ. ಮಂದೆ ಕಾಯುವ ನಾಯಿ ಬೊಗಳಿದರೆ ಓಡಬೇಡಿ, ಮಂದೆಯನ್ನು ಸುತ್ತಿ ಹೋಗಿ. ಜೇನು ಪೆಟ್ಟಿಗೆ ಸಾಲು ಕಂಡರೆ ದೂರ ಇರಿ. ಕಾಡ್ಗಿಚ್ಚಿನ ಎಚ್ಚರಿಕೆ 112ರ ಹೆಸರಿನಲ್ಲಿ ಫೋನಿಗೆ ಬಂದರೆ ಮಾತ್ರ ತಡಮಾಡದೆ ಹೇಳಿದ ಕಡೆ ಹೊರಟುಬಿಡಿ.

ನಾಲ್ಕನೆಯ ದಿನ ವಿಶ್ರಾಂತಿ ಮಾಡಿ, ಐದನೆಯ ದಿನ ಬಸ್ಸಿನಲ್ಲಿ ಅಪೀರಾಂಥೋಸ್‌ಗೆ ಹೋಗಿ. ಸುಮಾರು 600 ಮೀಟರ್ ಎತ್ತರದ ಊರು. ಓಣಿಗಳಿಗೂ ಅಮೃತಶಿಲೆ ಹಾಸು, ಗಾಳಿ ಆಡುತ್ತದೆ, ಮನೆಗಳ ಕಮಾನಿನ ಕೆಳಗೆ ನೆರಳಿದೆ. ಇನ್ನೂ ಉತ್ತರಕ್ಕೆ ಕೊರೋನೋಸ್ ಎಂಬ ಊರು. ಅಲ್ಲಿನವರು ತಲೆಮಾರುಗಳಿಂದ ಎಮೆರಿ ಎಂಬ ಸಾಣೆಗೆ ಬಳಸುವ ಕಲ್ಲು ತೆಗೆದು ಬದುಕಿದವರು. ಗಣಿಗಳಿಂದ ಮುತ್ಸೂನಾ ಬಂದರಿಗೆ ಕಲ್ಲು ಸಾಗಿಸುತ್ತಿದ್ದ ತಂತಿ ಮಾರ್ಗದ ಕಂಬಗಳು ಇಂದಿಗೂ ಬೆಟ್ಟದ ಮೇಲೆ ನಿಂತಿವೆ. ಎಷ್ಟು ಕಷ್ಟದ ಬದುಕು ಅದು ಎಂದು ಆ ಇಳಿಜಾರು ನೋಡಿದರೆ ಗೊತ್ತಾಗುತ್ತದೆ. ಆ ಊರಿನ ಹಿರಿಯರ ಎದುರು ಹಾದುಹೋಗುವಾಗ "ಯಾ ಸಾಸ್" ಎಂದು ನಮಸ್ಕಾರ ಹೇಳಿ.

ಟಿಕೆಟ್ ಇನ್ನೂ ಆಗಿಲ್ಲ ಎಂದರೆ ನನ್ನ ಮನಸ್ಸಿನ ಮಾತು ಬೇರೆ. ಮಗಳ ರಜೆಯನ್ನು ಸೆಪ್ಟೆಂಬರ್ ಕೊನೆಗೆ ತಳ್ಳಿಸಲು ನೋಡಿ. ಬಿಸಿಲು ಇಳಿದಿರುತ್ತದೆ, ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಝಾಸ್ ಕೂಡ ನಿಶ್ಚಿಂತೆಯಿಂದ ಹತ್ತಬಹುದು. ಬೆಟ್ಟ ಒಣಗಿ ಕಂದಾಗಿರುತ್ತದೆ, ದಿನ ಚಿಕ್ಕದು, ಮಳೆ ಒಂದೊಂದು ಸಲ ಇಣುಕಬಹುದು. ಹೂವು ಬೇಕೆಂದರೆ ಏಪ್ರಿಲ್ ಕೊನೆ, ಮೇ ಮೊದಲ ಭಾಗ. ಗಸಗಸೆ ಜಾತಿಯ ಕೆಂಪು ಹೂಗಳು ಹೊಲದ ತುಂಬ. ಆಗ ನೀರು ಈಜಲು ತಣ್ಣಗೆ, ಕೆಲವು ಹೋಟೆಲು ತೆರೆದಿರುವುದಿಲ್ಲ. ಜೂನ್ ಬಿಟ್ಟರೆ ಆಗುವುದೇ ಇಲ್ಲ, ಆದರೆ ದ್ವೀಪ ಯಾವುದಾದರೂ ಸರಿ ಎಂದರೆ ಆಂಡ್ರೋಸ್ ನೋಡಿ. ಅಲ್ಲಿ ಬುಗ್ಗೆ, ತೊರೆ, ಮರ ಜಾಸ್ತಿ. ದಾರಿಗಳ ಗುರುತೂ ಚೆನ್ನಾಗಿ ಮಾಡಿದ್ದಾರೆ. ಗಾಳಿ ಮಾತ್ರ ನಾಕ್ಸೋಸ್‌ಗೆ ಕಡಿಮೆಯಿಲ್ಲ. ಕ್ರೀಟ್ ದ್ವೀಪದ ಸಮಾರಿಯಾ ಕಣಿವೆ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೆಚ್ಚುಕಡಿಮೆ 16 ಕಿಲೋಮೀಟರ್, 1,200 ಮೀಟರ್‌ಗೂ ಮಿಕ್ಕಿ ಇಳಿತ. ಹೆಂಡತಿಯವರ ಮಂಡಿಗೆ ಅದು ಆಗಿಬರುವುದಿಲ್ಲ.

ಊಟಕ್ಕೆ ಪರದಾಡುವುದಿಲ್ಲ. ನಾಕ್ಸೋಸ್ ಗ್ರೀಸ್‌ನಲ್ಲಿ ಆಲೂಗಡ್ಡೆಗೆ ಹೆಸರಾದ ದ್ವೀಪ. ಹಳದಿ ಬೇಳೆಯನ್ನು ಅರೆದು ಎಣ್ಣೆ, ಈರುಳ್ಳಿ ಹಾಕಿ ಕೊಡುವ ಫಾವಾ ನಮ್ಮ ನಾಲಗೆಗೆ ಹತ್ತಿರ. ದೊಡ್ಡ ಬಿಳಿ ಅವರೆಯ ಗಿಗಾಂತೆಸ್, ತರಕಾರಿಯ ಬ್ರಿಯಾಮ್, ಬೇಯಿಸಿದ ಸೊಪ್ಪಿನ ಹೋರ್ತಾ ಎಲ್ಲ ಊರಿನಲ್ಲೂ ಸಿಗುತ್ತವೆ. ಅನ್ನ ತುಂಬಿದ ಟೊಮೇಟೊ, ದ್ರಾಕ್ಷಿ ಎಲೆ ತಿನ್ನುವ ಮೊದಲು ಕೇಳಿ, ಕೆಲವರು ಕೈಮಾ ಸೇರಿಸುತ್ತಾರೆ. "ಹೋರಿಸ್ ಕ್ರೆಯಾಸ್" ಎಂದರೆ ಮಾಂಸ ಇಲ್ಲದ್ದು, "ಹೋರಿಸ್ ಪ್ಸಾರಿ" ಎಂದರೆ ಮೀನು ಇಲ್ಲದ್ದು. ಎರಡನ್ನೂ ಹೇಳಿ. ಅವರ ಉಪವಾಸದ ಅಡುಗೆಗೆ ನಿಸ್ತೀಸಿಮೊ ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಆಕ್ಟೋಪಸ್, ಸೀಗಡಿ ಇರಬಹುದು. ಆ ಹೆಸರೊಂದನ್ನೇ ನಂಬಿ ತಟ್ಟೆ ಎಳೆದುಕೊಳ್ಳಬೇಡಿ. ನಾಕ್ಸೋಸ್‌ನ ಗ್ರಾವಿಯೆರಾ ಚೀಸ್ ತುಂಬ ರುಚಿ. ಆದರೆ ಸಾಂಪ್ರದಾಯಿಕವಾಗಿ ಅದರ ಹಾಲು ಒಡೆಸಲು ಕರುವಿನ ಹೊಟ್ಟೆಯ ಅಂಶ ಬಳಸುತ್ತಾರೆ. ಶುದ್ಧ ಸಸ್ಯಾಹಾರಿ ಎಂದು ಬರೆದಿದ್ದೀರಿ, ಅದಕ್ಕೇ ಹೇಳಿದೆ.

ಕೊನೆಗೆ ಎರಡು ಕಾಗದದ ವಿಷಯ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಹೇಗೂ ಮಾಡಿಸಬೇಕು. ಅದು ಬೆಟ್ಟದ ನಡಿಗೆಯಲ್ಲಿ ಆಗುವ ಪೆಟ್ಟಿಗೆ, ಹಳೆಯ ಬಿಪಿಗೆ ಸಂಬಂಧಿಸಿದ ತೊಂದರೆಗೆ ದುಡ್ಡು ಕೊಡುತ್ತದಾ ಎಂದು ಓದಿ ನೋಡಿ. ಇನ್ನೊಂದು, ವಾಪಸ್ ವಿಮಾನ ಇರುವ ದಿನವೇ ನಾಕ್ಸೋಸ್‌ನಿಂದ ಹಡಗು ಇಟ್ಟುಕೊಳ್ಳಬೇಡಿ. ಗಾಳಿ ಜೋರಾದರೆ ಹಡಗು ನಿಲ್ಲಿಸುತ್ತಾರೆ. ಹಿಂದಿನ ದಿನವೇ ಹೊರಟು ಆ ರಾತ್ರಿ ಅಥೆನ್ಸ್‌ನಲ್ಲಿ ಉಳಿಯಿರಿ.